ಶಾಲೆಯ ಹಾಲ್‌ಗೆ ಬಂದ 1828ರ ಚುನಾವಣೆ

2023ರಲ್ಲಿ ನಾನು ಆಕ್ಲೆಂಡಿನ ನ್ಯೂ ಲಿನ್ ಬಳಿಯ ಪ್ರೌಢಶಾಲೆಯೊಂದರಲ್ಲಿ ಇತಿಹಾಸದ ಶಿಕ್ಷಕಿಯಾಗಿದ್ದೆ. ನ್ಯೂಜಿಲೆಂಡಿಗೂ ಅದು ಚುನಾವಣೆಯ ವರ್ಷ. ಕೊನೆಯ ವರ್ಷದ ತರಗತಿಗೆ ಅಮೆರಿಕದ 1828ರ ಅಧ್ಯಕ್ಷೀಯ ಚುನಾವಣೆಯ ಪಾಠವಿತ್ತು. ಹೆಚ್ಚಿನ ರಾಜ್ಯಗಳಲ್ಲಿ ಆಸ್ತಿಯಿಲ್ಲದ ಬಿಳಿಯ ಗಂಡಸರಿಗೂ ಮತದ ಹಕ್ಕು ಸಿಕ್ಕಿದ್ದ ಕಾಲ. ಒಂದು ಕಡೆ, ತಂದೆಯೂ ಅಧ್ಯಕ್ಷರಾಗಿದ್ದ ಹಾಲಿ ಅಧ್ಯಕ್ಷ. ಎದುರಿಗೆ, ಹಿಂದಿನ ಸಲ ದೊಡ್ಡವರೆಲ್ಲ ಸೇರಿ ತನ್ನ ಗೆಲುವನ್ನು ಕದ್ದರೆಂದು ಜನರ ಮುಂದೆ ಹೋದ ಸೇನಾಪತಿ. ಜನರ ಸಿಟ್ಟನ್ನೇ ಪಕ್ಷವಾಗಿ ಕಟ್ಟುವ ಈ ಪಾಪ್ಯುಲಿಸಂ ಮಕ್ಕಳಿಗೆ ಅರ್ಥವಾಗಲೆಂದು ಆ ಚುನಾವಣೆಯನ್ನು ಅವರಿಂದಲೇ ನಡೆಸಿದೆ. ಮತದಾರರು, ಮೇಲಿನ ತರಗತಿಗಳ ಎಲ್ಲ ವಿದ್ಯಾರ್ಥಿಗಳು.

ಸೇನಾಪತಿಯಾದವನು ಲಿಯಮ್, ಒಳ್ಳೆಯ ಮಾತುಗಾರ. ಅಧ್ಯಕ್ಷನ ಪಾತ್ರ ನಿಶಾಳದು. ಅವಳು ಮೈಸೂರಿನ ಎಂಜಿನಿಯರ್ ದಂಪತಿಯ ಮಗಳು, ಶಿಸ್ತು ನೋಡಿಕೊಳ್ಳಲು ಶಾಲೆ ಆರಿಸಿದ ವಿದ್ಯಾರ್ಥಿ ನಾಯಕರಲ್ಲಿ, ಅಂದರೆ ಪ್ರಿಫೆಕ್ಟ್‌ಗಳಲ್ಲಿ, ಒಬ್ಬಳು ಕೂಡ. ಕ್ಯಾಂಟೀನಿನಲ್ಲಿ ಪ್ರಿಫೆಕ್ಟ್‌ಗಳು ಸಾಲು ಮುರಿದು ಮುಂದೆ ಹೋಗುತ್ತಾರೆಂಬ ಅಸಮಾಧಾನ ಮೊದಲಿನಿಂದಲೂ ಇತ್ತು. ಲಿಯಮ್ ಅದನ್ನೇ ಹಿಡಿದ. ವಾರದೊಳಗೆ ಕಾರಿಡಾರಿನಲ್ಲೆಲ್ಲ ಪ್ರಿಫೆಕ್ಟ್‌ಗಳ ವಿರುದ್ಧ ಒಂದೇ ಕೂಗು: "ಔಟ್! ಔಟ್!"

ಕೊನೆಯ ಭಾಷಣದ ದಿನ ಬೆಳಿಗ್ಗೆ ಹಾಲ್‌ನ ಬಾಗಿಲಿಗೆ ಯಾರೋ ಒಂದು ಪೋಸ್ಟರ್ ಅಂಟಿಸಿದ್ದರು. 1828ರಲ್ಲಿ ವಿರೋಧಿಗಳು ಸೇನಾಪತಿಯ ಹೆಂಡತಿಯನ್ನೂ ಬಿಟ್ಟಿರಲಿಲ್ಲ. ಮೊದಲ ಮದುವೆ ಕಾನೂನಿನಂತೆ ಮುರಿಯುವ ಮುನ್ನವೇ ಇನ್ನೊಬ್ಬನನ್ನು ಕಟ್ಟಿಕೊಂಡವಳೆಂದು ಪತ್ರಿಕೆಗಳಲ್ಲಿ ಹೀನಾಯವಾಗಿ ಬರೆದರು. ಗಂಡ ಗೆದ್ದ, ಆದರೆ ಅಧಿಕಾರ ಹಿಡಿಯುವ ಮೊದಲೇ ಆಕೆ ತೀರಿಕೊಂಡಳು. ಪೋಸ್ಟರಿನಲ್ಲಿ ಅದೇ ಬೈಗುಳವಿತ್ತು. ಚಿತ್ರ ಮಾತ್ರ ಲಿಯಮ್‌ನ ತಾಯಿಯದು. ಆಕೆ ಗಂಡನಿಂದ ದೂರವಾಗಿ ಇನ್ನೊಬ್ಬರ ಜೊತೆ ಬಾಳುತ್ತಿದ್ದರು.

ನಾನು ಕಿತ್ತುಹಾಕುವಷ್ಟರಲ್ಲಿ ಅದರ ಫೋಟೊ ಎಲ್ಲರ ಫೋನಿಗೂ ಹೋಗಿತ್ತು. ಹಾಲ್ ಆಗಲೇ ನಿಶಾಳ ಮೇಲೆ ಸಿಟ್ಟಾದವರಿಂದ ತುಂಬಿತ್ತು. ಸಹೋದ್ಯೋಗಿಯೊಬ್ಬರು ಪ್ರಿನ್ಸಿಪಾಲರನ್ನು ಕರೆಯಲು ಓಡಿದರು. ನಾನು ವೇದಿಕೆಯ ಬದಿಯಲ್ಲಿದ್ದ ನಿಶಾಳ ತೋಳು ಹಿಡಿದೆ. "ಹಿಂದಿನ ಬಾಗಿಲಿಂದ ಹೋಗಿಬಿಡೋಣ ಬಾ, ಪುಟ್ಟಿ."

"ನೋ, ಮಿಸ್. ಇಟ್ ವಾಸ್ ಮೈ ಟೀಮ್," ಎಂದವಳೇ ಮೈಕಿನ ಮುಂದೆ ನಿಂತಳು. ತನಗೆ ತಿಳಿಯದೆ ತನ್ನ ಕಡೆಯವರೇ ಅದನ್ನು ಮಾಡಿದ್ದಾರೆ, ಕ್ಷಮಿಸಬೇಕು, ತಾನು ಕಣದಿಂದ ಹಿಂದೆ ಸರಿಯುತ್ತೇನೆ ಎಂದಳು. ಗದ್ದಲದಲ್ಲಿ ಅವಳ ಅರ್ಧ ಮಾತು ಯಾರಿಗೂ ಕೇಳಿಸಲಿಲ್ಲ. ಮುಂದಿನ ಸಾಲಿನವರು ಕುರ್ಚಿ ತಳ್ಳಿ ಎದ್ದರು. ಒಂದು ನೀರಿನ ಬಾಟಲಿ ಅವಳ ಭುಜಕ್ಕೆ ಬಡಿಯಿತು.

ಲಿಯಮ್ ಕೈ ಎತ್ತಿದ. ದಿನವೂ ಆ ಕೈಗೆ ಗುಂಪು ಸುಮ್ಮನಾಗುತ್ತಿತ್ತು. ಅವತ್ತು ಆಗಲಿಲ್ಲ. "ಸ್ಟಾಪ್! ಸ್ಟಾಪ್ ಇಟ್!" ಎಂದು ಗಂಟಲು ಹರಿಯುವಂತೆ ಕಿರುಚಿದ. ಅವನಿಗಾಗಿಯೇ ಕೂಗುತ್ತಿದ್ದವರಿಗೆ ಅವನು ಕಾಣಿಸುತ್ತಲೇ ಇರಲಿಲ್ಲ. ಅವನು ವೇದಿಕೆ ದಾಟಿ ಬಂದು ನಿಶಾಳ ಮುಂದೆ, ಗುಂಪಿಗೆ ಎದುರಾಗಿ ನಿಂತ. ಅವಳ ಪಕ್ಕದಲ್ಲಿ ನಾನು ನಿಂತೆ. ಎರಡನೆಯ ಬಾಟಲಿ ಅವನ ಹಣೆಗೆ ತಾಗಿ ರಕ್ತ ಬಂತು. ಆಗ ಹಾಲ್ ತಣ್ಣಗಾಯಿತು.

ಮತದಾನ ನಡೆಯಲಿಲ್ಲ. ಪೋಸ್ಟರ್ ಮಾಡಿದವರನ್ನೂ ಬಾಟಲಿ ಎಸೆದವರನ್ನೂ ಶಾಲೆ ಕೆಲವು ದಿನ ಹೊರಗಿಟ್ಟಿತು. ಮಧ್ಯಾಹ್ನ ಲಿಯಮ್‌ನ ತಾಯಿ ಒನೆಹುಂಗಾ ಬಡಾವಣೆಯಲ್ಲಿನ ಕೆಲಸದಿಂದ ನೇರವಾಗಿ ಬಂದರು. ನಾನು ಎಲ್ಲವನ್ನೂ ಹೇಳಿದೆ. ಪೋಸ್ಟರ್ ತೋರಿಸಿ ಎಂದು ಅವರು ಕೇಳಲಿಲ್ಲ. "ಆ ಹುಡುಗಿಗೆ ಪೆಟ್ಟಾಯಿತಾ?" ಎಂದಷ್ಟೇ ಕೇಳಿದರು.

ಆ ಪಾಠವನ್ನು ಈಗಲೂ ಮಾಡುತ್ತೇನೆ. ಸೇನಾಪತಿ ಹೇಗೆ ಗೆದ್ದ ಎನ್ನುವುದಕ್ಕೆ ಒಂದು ತರಗತಿ ಸಾಕು. ಗೆಲ್ಲಿಸಿದ ಗುಂಪಿಗೆ 'ಬೇಡ' ಎನ್ನಬೇಕಾದಾಗ ಏನೇನು ಬೇಕಾಗುತ್ತದೆ ಎಂಬುದಕ್ಕೆ ಉಳಿದ ವಾರವನ್ನೆಲ್ಲ ಕೊಡುತ್ತೇನೆ.