ನೇರಳೆಗೆ ತಿರುಗದ ಹನಿ

ಮೂರನೆಯ ಮಹಡಿಯ ಮನೆಯ ಬಾಗಿಲಿಗೆ, ಮಗಳ ಹೆಸರಿನ ಮುಂದೆ ‘ಡಾ.’ ಎಂದು ಬರೆಸಿದ ಫಲಕ ಹಾಕಿಸಿದ್ದು ತಾಯಿ. ಅಂದಿನಿಂದ ಆ ವಿಜ್ಞಾನಿಯ ಭಾನುವಾರಗಳಿಗೆ ಗ್ರಹಚಾರ ಹಿಡಿಯಿತು. ಕಟ್ಟಡದ ಕೆಮ್ಮು, ಮಂಡಿನೋವು, ಅಜೀರ್ಣಗಳೆಲ್ಲ ಮೆಟ್ಟಿಲು ಹತ್ತಿ ಬರತೊಡಗಿದವು. “ನಾನು ಆ ಡಾಕ್ಟರ್ ಅಲ್ಲ” ಎಂದು ಹೇಳಿ ಹೇಳಿ ಅವಳ ಬಾಯಿ ಸೋತಿತ್ತು.

“ಅಷ್ಟು ವರ್ಷ ಓದಿ ಒಂದು ಕೆಮ್ಮಿಗೆ ಮದ್ದು ಹೇಳೋಕಾಗಲ್ವೇನೇ?” ಎಂದು ತಾಯಿ ಬೇರೆ.

ಅವಳು ಓದಿದ್ದೇ ಬೇರೆ. ತಿಂದ ಅನ್ನವನ್ನು ಮೈ ಸರಿಯಾಗಿ ಬಳಸಿಕೊಳ್ಳಲಾಗದ ಕೆಲವು ಕಾಯಿಲೆಗಳು ತಂದೆತಾಯಿಯಿಂದ ಮಕ್ಕಳಿಗೆ ಇಳಿದು ಬರುತ್ತವೆ. ಅವುಗಳನ್ನು ಒಂದು ಹನಿ ರಕ್ತದಲ್ಲಿ ಹುಡುಕುವುದು ಅವಳ ಕೆಲಸ. ಹೆಚ್ಚಿನವಕ್ಕೆ ಮದ್ದಿಲ್ಲ. ಅಂಥದ್ದೊಂದು ಕಾಯಿಲೆ ಪತ್ತೆಯಾಗಿ, ವರದಿಗೆ ಸಹಿ ಹಾಕಿದ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ.

ಒಂದು ಭಾನುವಾರ, ಕೆಳಮನೆಯ ಬಸ್ ಡ್ರೈವರನ ಹೆಂಡತಿ ಪುಟ್ಟ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. ಮಗುವಿನ ತಲೆಗೆ ಸ್ಕಾರ್ಫ್ ಕಟ್ಟಿತ್ತು.

“ಅಕ್ಕಾ, ಇವಳ ಕೂದಲಿಗೆ ಯಾವುದಾದ್ರೂ ಎಣ್ಣೆ ಹೇಳಿ. ಬಾಚಿದ್ರೆ ಹಿಡಿ ಹಿಡಿ ಕಿತ್ತು ಬರ್ತಿದೆ.”

“ನಾನು ಆ...” ಎಂದು ಶುರುಮಾಡಿದವಳು ಅಲ್ಲಿಗೇ ನಿಲ್ಲಿಸಿದಳು. ಸ್ಕಾರ್ಫ್ ಜಾರಿತ್ತು. ತಲೆ ಅಲ್ಲಲ್ಲಿ ಬೋಳು. ಬಾಯಿಯ ಸುತ್ತ ಕೆಂಪು ಗುಳ್ಳೆ.

“ಇವಳಿಗೆ ಫಿಟ್ಸ್ ಬರುತ್ತಾ?”

“ಬರುತ್ತೆ. ಅದಕ್ಕೆ ಆಸ್ಪತ್ರೆಯಲ್ಲಿ ತೋರಿಸ್ತಾನೇ ಇದೀವಿ, ನಿಂತಿಲ್ಲ. ಅದು ಬೇರೆ, ಕೂದಲು ಬೇರೆ ಅಲ್ವಾ?”

“ಎರಡೂ ಒಂದೇ ಇರಬಹುದು. ನಾಳೆ ನನ್ನ ಜೊತೆ ಬಾಮ್ಮ, ನಿನ್ನ ಗಂಡನ್ನೂ ಕರ್ಕೊಂಡು.”

ಮರುದಿನ ಕರೆಯದೆಯೂ ಜೊತೆಗೆ ಹೊರಟವಳು ಡ್ರೈವರನ ತಾಯಿ. “ನಮ್ಮ ವಂಶದಲ್ಲಿ ಇಂಥದ್ದು ಯಾರಿಗೂ ಇರಲಿಲ್ಲ” ಎಂದು ದಾರಿಯುದ್ದಕ್ಕೂ ಸೊಸೆಯ ಕಿವಿಗೆ ಬೀಳುವಂತೆ ಗೊಣಗುತ್ತಲೇ ಬಂದಳು.

ಪ್ರಯೋಗಾಲಯದಲ್ಲಿ ಸಣ್ಣ ಸಣ್ಣ ಗುಳಿಗಳಿರುವ ತಟ್ಟೆಗೆ ಮಗು, ತಂದೆ, ತಾಯಿ ಮೂವರ ರಕ್ತದ ಹನಿಯೂ ಬಿತ್ತು. ಹೋಲಿಸಿ ನೋಡಲು ಟೆಕ್ನಿಶಿಯನ್ ಹುಡುಗಿ ತನ್ನದನ್ನೂ ಹಾಕಿದಳು. ದ್ರಾವಣ ಬೆರೆಸಿ ಕಾದರು. ಕಾಯಿಲೆ ಇಲ್ಲದ ರಕ್ತ ನೇರಳೆಗೆ ತಿರುಗಬೇಕು. ಹುಡುಗಿಯದು ಕಡುನೇರಳೆಗೆ ತಿರುಗಿತು. ತಂದೆತಾಯಿಯದು ತಿಳಿನೇರಳೆ. ಮಗುವಿನದು ಒಣಹುಲ್ಲಿನ ಬಣ್ಣದಲ್ಲೇ ಉಳಿಯಿತು. ಇನ್ನೊಮ್ಮೆ ಮಾಡಿದರು, ಆಗಲೂ ಅದೇ.

ವಿಜ್ಞಾನಿ ಟೆಕ್ನಿಶಿಯನ್ ಹುಡುಗಿಯನ್ನು ತಬ್ಬಿಕೊಂಡು ಗರಗರ ತಿರುಗಿಸಿಬಿಟ್ಟಳು.

“ಮೇಡಂ, ಮಗೂಗೆ ಕಾಯಿಲೆ ಇದೆ ಅಂತ ಬಂದಿದೆ, ನೀವು ಕುಣೀತಿದೀರಲ್ಲ!”

“ಇದಕ್ಕೆ ಮದ್ದಿದೆ ಕಣೇ! ಮದ್ದಿದೆ!”

ಮದ್ದೆಂದರೆ ಬಯೋಟಿನ್ ಎಂಬ ಒಂದು ವಿಟಮಿನ್, ಅಷ್ಟೇ. ಬೇರೆಯವರ ಮೈ ಅದನ್ನು ಉಳಿಸಿ ಮತ್ತೆ ಮತ್ತೆ ಬಳಸಿಕೊಳ್ಳುತ್ತದೆ. ಈ ಮಗುವಿನ ಮೈಗೆ ಅದು ಬಾರದು, ಸಿಕ್ಕಿದ್ದೆಲ್ಲ ಸೋರಿಹೋಗುತ್ತದೆ. ದಿನವೂ ತುಂಬಿಕೊಡುತ್ತಿದ್ದರೆ ಸಾಕು.

“ಅದೆಲ್ಲ ಇರಲಿ, ಇದು ಯಾರ ಕಡೆಯಿಂದ ಬಂದದ್ದು?” ಎಂದಳು ಅಜ್ಜಿ.

ವಿಜ್ಞಾನಿ ತಟ್ಟೆಯನ್ನು ಬೆಳಕಿಗೆ ಹಿಡಿದಳು. “ಇದು ನಿಮ್ಮ ಸೊಸೇದು, ಇದು ನಿಮ್ಮ ಮಗಂದು. ಬಣ್ಣದಲ್ಲಿ ಹೆಚ್ಚುಕಡಿಮೆ ಏನಾದ್ರೂ ಕಾಣುತ್ತಾ ಅಮ್ಮಾ?”

ಅಜ್ಜಿ ಕನ್ನಡಕ ಒರೆಸಿ ಹಾಕಿಕೊಂಡು ಬಗ್ಗಿ ನೋಡಿದಳು. “ಇಲ್ಲ.”

“ಇಬ್ಬರೂ ಸಮಸಮ ಕೊಟ್ಟಿದಾರೆ. ಗೊತ್ತಿದ್ದು ಕೊಟ್ಟಿದ್ದಲ್ಲ.”

ಅಜ್ಜಿ ಮತ್ತೊಮ್ಮೆ ಬಗ್ಗಿ ಎರಡೂ ಹನಿಗಳನ್ನು ನೋಡಿದಳು. ಕೊನೆಗೆ ಮಗನ ಕಡೆ ತಿರುಗಿ, “ಹಾಗಾದ್ರೆ ಅದು ನಿಮ್ಮಪ್ಪನ ಕಡೇದೇ ಇರಬೇಕು, ಬಿಡು” ಎಂದಳು. ಅಲ್ಲಿಯವರೆಗೆ ತಲೆ ತಗ್ಗಿಸಿ ನಿಂತಿದ್ದ ಸೊಸೆ ಮೊದಲು ನಕ್ಕಳು, ಆಮೇಲೆ ಅತ್ತಳು.

ಮಕ್ಕಳ ಡಾಕ್ಟರು ಅಂದೇ ಮಾತ್ರೆ ಶುರುಮಾಡಿದರು. ವಾರ ತುಂಬುವುದರೊಳಗೆ ಫಿಟ್ಸ್ ನಿಂತಿತು. ಬಾಯಿಯ ಸುತ್ತಲಿನ ಗುಳ್ಳೆ ಮಾಯಿತು. ನೆತ್ತಿಯ ಮೇಲೆ ರೇಷ್ಮೆಯಂಥ ಕೂದಲು ಇಣುಕಿತು. ಅದು ಬೆರಳುದ್ದ ಬೆಳೆಯುವಷ್ಟರಲ್ಲಿ, ಎರಡು ಜಡೆ ಹಾಕಲೇಬೇಕೆಂದು ಮಗು ನೆಲಕ್ಕೆ ಬಿದ್ದು ಹೊರಳಾಡಿ ರಂಪ ಮಾಡಿತು. ಸುದ್ದಿ ಹಬ್ಬಿ, ಎದುರುಮನೆಯ ನಿವೃತ್ತ ಮೇಷ್ಟ್ರು ಒಂದು ಸಂಜೆ ಮೆಲ್ಲಗೆ ಬಂದು ಟೋಪಿ ತೆಗೆದರು.

“ನನಗೂ ಆ ಮಾತ್ರೆ...”

“ನಿಮ್ಮದು ಕಾಯಿಲೆ ಅಲ್ಲ ಮೇಷ್ಟ್ರೇ. ವಯಸ್ಸು.”

ಮದ್ದಿಗೂ ಮೊದಲೇ ಮಂದವಾಗಿದ್ದ ಮಗುವಿನ ಒಂದು ಕಿವಿ ಮಾತ್ರ ಸರಿಹೋಗಲಿಲ್ಲ. ಮದ್ದು ತಡವಾದದ್ದಕ್ಕೆ ತೆತ್ತ ಬೆಲೆ ಅದು. ಆ ಒಂದು ಕಿವಿಗಾಗಿ ವಿಜ್ಞಾನಿ ಆಸ್ಪತ್ರೆಯ ದೊಡ್ಡ ಡಾಕ್ಟರ ಬೆನ್ನು ಬಿದ್ದಳು. ಹುಟ್ಟಿದ ಪ್ರತಿ ಮಗುವಿನ ಹಿಮ್ಮಡಿಯಿಂದ ಒಂದು ಹನಿ ರಕ್ತ ತನಗೆ ಬರಬೇಕೆಂದು ಪೀಡಿಸಿ, ಕಾಡಿ, ಕೊನೆಗೆ ಒಪ್ಪಿಸಿಯೇ ಬಿಟ್ಟಳು.

ಹಾಗೆ ಬಂದ ಹನಿಗಳಲ್ಲಿ ಡ್ರೈವರನ ಎರಡನೆಯ ಮಗುವಿನದೂ ಒಂದು. ಗಂಡು. ಅದೂ ನೇರಳೆಗೆ ತಿರುಗಲಿಲ್ಲ. ಈ ಸಲ ಮನೆಯಲ್ಲಿ ಯಾರೂ ಎದೆಗುಂದಲಿಲ್ಲ. ಅಜ್ಜಿಯೇ ಮಾತ್ರೆ ಪುಡಿಮಾಡಿ, ತಾಯಿಯ ಹಾಲಿನಲ್ಲಿ ಕಲಸಿ ನೆಕ್ಕಿಸಿದಳು.

ಈಗ ಐದು ವರ್ಷ ತುಂಬಿದ ಅವನಿಗೆ ಫಿಟ್ಸ್ ಎಂದರೇನೆಂದು ಗೊತ್ತಿಲ್ಲ. ಕೂದಲು ಪೊದೆಯಂತಿದೆ, ಕಿವಿ ಎಷ್ಟು ಚುರುಕೆಂದರೆ ಮೇಲಿನ ಮನೆಯಲ್ಲಿ ಬಿಸ್ಕತ್ತಿನ ಡಬ್ಬಿ ತೆರೆದರೂ ಕೇಳಿಸುತ್ತದೆ. ಸಂಜೆ ಕೆಲಸ ಮುಗಿಸಿ ಮೆಟ್ಟಿಲು ಹತ್ತುವ ವಿಜ್ಞಾನಿಗೆ ಅವನು ಕೈಕಂಬಿಯ ಮೇಲೆ ಜಾರಿಕೊಂಡು ಎದುರಾಗುತ್ತಾನೆ.

“ಬೀಳ್ತೀಯ ಕಣೋ, ಇಳಿಯೋ!” ಎಂದು ಅವಳು ಕೂಗುವಷ್ಟರಲ್ಲಿ, ಅವನು ಕೆಳಗಿನ ಮಹಡಿಯಲ್ಲಿ ಧೊಪ್ಪೆಂದು ಇಳಿದು ನಗುತ್ತಿರುತ್ತಾನೆ.