ಬರಿ ಶೀಶೆ ಕೊಡುವುದುಂಟೆ

ಮೆಕ್ನೆಸ್‌ನ ಹಳೆಯ ಪೇಟೆಯಲ್ಲಿ ಮಹ್ಜೂಬಾಳ ಕೈಗೆ ತಲೆ ಕೊಡದ ಹೆಂಗಸೇ ಇಲ್ಲವೆನ್ನಬೇಕು. ಹಜ್ಜಾ ಬತೂಲಳ ಹಮಾಮಿನಲ್ಲಿ, ಪೇಟೆಯ ಹೆಂಗಸರೆಲ್ಲ ಮೀಯಲು ಬರುವ ಸ್ನಾನದ ಮನೆಯಲ್ಲಿ, ಹಬೆಯ ನಡುವೆ ಕುಳಿತು ಮದುವಣಗಿತ್ತಿಯರು, ಬಾಣಂತಿಯರು, ಬಾಯಿ ಜೋರಿನ ಅತ್ತೆಯಂದಿರು ಎಲ್ಲರ ತಲೆಯನ್ನೂ ತಿಕ್ಕಿ ತೊಳೆದವಳು ಅವಳು. ಅತ್ತೆಯಂದಿರಿಗೆ ಮಾತ್ರ ತಿಕ್ಕು ಸ್ವಲ್ಪ ಜಾಸ್ತಿ ಎಂದು ಸೊಸೆಯಂದಿರು ನಗುತ್ತಿದ್ದರು. ಇಂಥವಳ ತಲೆಯಲ್ಲೇ ಹೊಟ್ಟು ಕಾಣಿಸಿಕೊಂಡಿತು. ಅಂತಿಂಥ ಹೊಟ್ಟಲ್ಲ, ಕೆರೆದರೆ ಉರಿ, ಕೆರೆಯದಿದ್ದರೆ ಪ್ರಾಣಸಂಕಟ.

ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು ಒಂದಷ್ಟು ಕಾಲ ಸಂಭಾಳಿಸಿದಳು. ಆದರೆ ಜೊತೆಗೆ ಕೆಲಸ ಮಾಡುವ ತಾಮೂಳ ಕಣ್ಣಿಗೆ ಮಣ್ಣೆರಚುವುದು ಯಾರಿಂದಲೂ ಆಗದ ಮಾತು.

"ಏನಕ್ಕಾ, ಭುಜದ ಮೇಲೆಲ್ಲ ಹಿಟ್ಟು ಬಿದ್ದಿದೆ. ರೊಟ್ಟಿ ತಟ್ಟಿ ಬಂದ್ಯಾ?" ಎಂದು ಗಿರಾಕಿಗಳ ಮುಂದೆಯೇ ಕೇಳಿಬಿಟ್ಟಳು.

ಮರುವಾರದಿಂದ ಹೆಂಗಸರು ಒಬ್ಬೊಬ್ಬರಾಗಿ ಬಕೆಟ್ಟು ಎತ್ತಿಕೊಂಡು ತಾಮೂಳ ಪಕ್ಕಕ್ಕೆ ಸರಿದರು. ಹಜ್ಜಾ ಬತೂಲ್ ಮಹ್ಜೂಬಾಳನ್ನು ಕರೆದು, ರಂಜಾನಿಗೆ ಮುಂಚಿನ ಜನಜಂಗುಳಿ ಶುರುವಾಗುವುದರೊಳಗೆ ತಲೆ ಸರಿಹೋಗಬೇಕು, ಇಲ್ಲದಿದ್ದರೆ ಬಾಗಿಲಲ್ಲಿ ಕುಳಿತು ಚಪ್ಪಲಿ ಕಾಯಬೇಕು ಎಂದಳು. ಊರಿನ ತಲೆಗಳನ್ನೆಲ್ಲ ತೊಳೆದವಳಿಗೆ ಊರಿನ ಚಪ್ಪಲಿ ಕಾಯುವ ಗತಿ. ಮಹ್ಜೂಬಾ ಒಲೆಮನೆಯ ಹಿಂದೆ ನಿಂತು ಮನಸಾರೆ ಅತ್ತಳು. ಅಳುವಾಗಲೂ ತಲೆ ಕೆರೆಯಬೇಕಾಗಿ ಬಂದದ್ದು ಅವಳ ದುರದೃಷ್ಟ.

ಊರಿನ ಆಸ್ಪತ್ರೆಯಲ್ಲಿ ಡಾಕ್ಟರ್ ಘಿಜ್ಲಾನ್ ಎಂಬ ಚರ್ಮದ ವೈದ್ಯೆ, ನೆತ್ತಿಗೆ ಹಚ್ಚುವ ಹೊಸ ಔಷಧವೊಂದನ್ನು ಪರೀಕ್ಷೆಗಿಟ್ಟಿದ್ದಳು. ತುರಿಕೆಯವರು ಬೇಕಾಗಿದ್ದಾರೆ ಎಂದು ಕೇಳಿದ್ದೇ ತಡ, ಮಹ್ಜೂಬಾ ಹೋಗಿ ತಲೆ ಒಡ್ಡಿದಳು. ವೈದ್ಯೆ ಕೂದಲು ಬಿಡಿಸಿ ನೋಡಿ, ಫೋಟೋ ತೆಗೆದು, ಔಷಧ ತುಂಬಿದ ಬಿಳಿ ಶೀಶೆಯೊಂದನ್ನು ಕೈಗಿಟ್ಟಳು. ಎಣ್ಣೆ, ಮದರಂಗಿ, ತಲೆಗೆ ಹಚ್ಚುವ ಮಣ್ಣು ಯಾವುದೂ ಕೂಡದು, ಮುಂದಿನ ಸಲ ಶೀಶೆಯನ್ನು ಮರೆಯದೆ ವಾಪಸು ತರಬೇಕು ಎಂದಳು. ಎಷ್ಟು ಔಷಧ ಖರ್ಚಾಯಿತೆಂದು ತಿಳಿಯಲು ಶೀಶೆಯನ್ನು ತೂಕ ಹಾಕುತ್ತಾರೆ ಎಂಬುದನ್ನು ಹೇಳಲು ಮಾತ್ರ ಮರೆತಳು.

ಮಹ್ಜೂಬಾ ಹೇಳಿದಂತೆಯೇ ನಡೆದುಕೊಂಡಳು. ಉರಿ ಇಳಿಯಿತು, ಹೊಟ್ಟೂ ಅರ್ಧಕ್ಕರ್ಧ ಕಡಿಮೆಯಾಯಿತು. ಹೋಗಬೇಕಾದ ದಿನ ಶೀಶೆಯನ್ನು ಚೆನ್ನಾಗಿ ತೊಳೆದು ಒಣಗಿಸಿ, ಝರ್‌ಹೂನ್ ಬೆಟ್ಟದಲ್ಲಿದ್ದ ಅಣ್ಣನ ತೋಟದ ಆಲಿವ್ ಎಣ್ಣೆಯನ್ನು ಕಂಠಮಟ್ಟ ತುಂಬಿದಳು. ನೆರೆಮನೆಯಿಂದ ಕುಸ್‌ಕುಸ್ ಬಂದ ತಟ್ಟೆ ಖರ್ಜೂರ ಹೊತ್ತು ಮರಳುವ ಬೀದಿ ಅದು. ಇದರಲ್ಲಿ ಯೋಚಿಸುವುದಾದರೂ ಏನಿತ್ತು?

ಆಸ್ಪತ್ರೆಯಲ್ಲಿ ಶೀಶೆ ತಕ್ಕಡಿಯ ಮೇಲೆ ಕೂತಿತು. ಕೊಟ್ಟಾಗ ಇದ್ದದ್ದಕ್ಕಿಂತ ತೂಕ ಹೆಚ್ಚು. ತಕ್ಕಡಿ ಒರೆಸಿ ಮತ್ತೆ ಇಟ್ಟರು, ಮತ್ತೂ ಅಷ್ಟೇ. ಔಷಧದ ಕಂಪನಿಯಿಂದ ಮೇಲ್ವಿಚಾರಣೆಗೆಂದು ಬಂದಿದ್ದ ಟೈ ಕಟ್ಟಿದ ಮನುಷ್ಯನ ಮುಖ ಹುಳ್ಳಗಾಯಿತು.

"ಚಿಕ್ಕಮ್ಮಾ, ಇದರಲ್ಲಿ ಏನಿದೆ?" ಎಂದು ವೈದ್ಯೆ ಕೇಳಿದಳು.

"ಎಣ್ಣೆ. ಬರಿ ಶೀಶೆ ಹೇಗೆ ಕೊಡ್ಲಿ ಮಗಳೇ? ನಮ್ಮಮ್ಮ ನಂಗೆ ಅಷ್ಟೂ ಕಲಿಸಿಲ್ಲ ಅಂದ್ಕೊಂಡ್ಯಾ?"

ಟೈ ಮನುಷ್ಯ, ಇವಳನ್ನು ಪರೀಕ್ಷೆಯಿಂದ ಕೈಬಿಡಿ ಎಂದ. ಅರ್ಧ ವಾಸಿಯಾದ ತಲೆ ಹೊತ್ತು ಹಮಾಮಿಗೆ ಹೋದರೆ ಮಹ್ಜೂಬಾಳಿಗೆ ಚಪ್ಪಲಿಗಳೇ ಗತಿ. ವೈದ್ಯೆ ಮಾತ್ರ ಹೊರಗೆ ಸಾಲಿನಲ್ಲಿದ್ದ ಉಳಿದ ಹೆಂಗಸರ ಶೀಶೆಗಳನ್ನೂ ತರಿಸಿ ಒಂದೊಂದಾಗಿ ತಕ್ಕಡಿಗಿಟ್ಟಳು. ಒಂದಾದ ಮೇಲೊಂದು ಭಾರ. ಮುಚ್ಚಳ ತೆಗೆದರೆ ಒಂದರಲ್ಲಿ ಜೇನು, ಒಂದರಲ್ಲಿ ಕಿತ್ತಳೆ ಹೂವಿನ ನೀರು, ಇನ್ನೊಂದರಲ್ಲಿ ಹುರಿದ ಎಳ್ಳು. ಬೇಳೆ ತುಂಬಿ ತಂದವಳೂ ಒಬ್ಬಳಿದ್ದಳು. ಇವರನ್ನೆಲ್ಲ ಕೈಬಿಟ್ಟರೆ ಪರೀಕ್ಷೆಯಲ್ಲಿ ಉಳಿಯುವವರು ತಕ್ಕಡಿ ಮತ್ತು ನೀವು ಎಂದು ವೈದ್ಯೆ ಆತನಿಗೆ ಹೇಳಿದಳು.

ಕೊನೆಯ ಶೀಶೆ ಹಗುರವಾಗಿತ್ತು. ಟೈ ಮನುಷ್ಯನಿಗೆ ಹೋದ ಜೀವ ಬಂದಂತಾಯಿತು. ಹೊರಗೆ ಹೋಗಿ ಆ ಶೀಶೆಯ ನಂಬರನ್ನು ಜೋರಾಗಿ ಕೂಗಿ, ಬುದ್ಧಿವಂತೆ ಎಂದರೆ ಇವರು, ಖಾಲಿ ಶೀಶೆ ತಂದಿದ್ದಾರೆ ಎಂದು ಸಾಲಿನವರೆದುರು ಹೊಗಳಿದ. ಸಾಲಿನ ಹೆಂಗಸರೆಲ್ಲ ಆ ಬುದ್ಧಿವಂತೆಯತ್ತ ತಿರುಗಿ ಮೂಗು ಮುರಿದರು. ಕಣ್ಣಷ್ಟೇ ಬಿಟ್ಟು ಮುಖವೆಲ್ಲ ಸುತ್ತಿಕೊಂಡಿದ್ದರೂ, ನೀರಿನಲ್ಲಿ ನೆನೆದು ಸುಕ್ಕಾದ ಆ ಕೈಗಳ ಗುರುತು ಅವನ ಹಿಂದೆಯೇ ಹೊರಬಂದಿದ್ದ ಮಹ್ಜೂಬಾಳಿಗೆ ಸಿಕ್ಕಿತು. ಅವಳು ತಾಮೂ.

ಹಾಗಾದರೆ ಇವಳ ತಲೆಯಲ್ಲೂ ಹೊಟ್ಟು! ಮಹ್ಜೂಬಾಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ನೀನೂ ರೊಟ್ಟಿ ತಟ್ಟಿ ಬಂದ್ಯಾ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಅವಳು ಹತ್ತಿರ ಹೋದಳು.

ತಾಮೂ ತಲೆ ಎತ್ತಲಿಲ್ಲ. "ಮನೇಲಿ ತುಂಬೋಕೆ ಏನೂ ಇರ್ಲಿಲ್ಲ ಅಕ್ಕಾ," ಎಂದಳು. ಮಹ್ಜೂಬಾಳಿಗಷ್ಟೇ ಕೇಳುವಂತೆ.

ಮಹ್ಜೂಬಾ ನಾಲಿಗೆಯ ಮೇಲಿದ್ದುದನ್ನು ನುಂಗಿಕೊಂಡಳು. ಆಮೇಲೆ ಇಡೀ ಸಾಲಿಗೆ ಕೇಳುವಂತೆ, "ಒಳಗಿರೋ ಎಣ್ಣೆ ನಮ್ಮಿಬ್ಬರದೂ. ಒಂದೇ ಹಮಾಮಿನವರು, ಒಂದೇ ಶೀಶೆಗೆ ಹಾಕಿ ತಂದ್ವಿ," ಎಂದಳು.

ಮುರಿದ ಮೂಗುಗಳು ಸರಿಹೋದವು. ವೈದ್ಯೆ ಎಲ್ಲರಿಗೂ ಹೊಸ ಶೀಶೆ ಕೊಟ್ಟು ಪರೀಕ್ಷೆಯನ್ನು ಮೊದಲಿನಿಂದ ಶುರು ಮಾಡಿದಳು. ಶೀಶೆ ಖಾಲಿ ಇರಲಿ, ಕೊಡುವುದನ್ನು ಬೇರೆ ಡಬ್ಬಿಯಲ್ಲಿ ತನ್ನಿ ಎಂದು ಈ ಸಲ ಬಿಡಿಸಿ ಹೇಳಿದಳು. ಟೈ ಮನುಷ್ಯ ಗೊಣಗುತ್ತಲೇ ಹೊರಟ, ಜೇನಿನ ಶೀಶೆಯನ್ನು ಮಾತ್ರ ಬಿಟ್ಟುಹೋಗಲಿಲ್ಲ.

ರಂಜಾನು ಹತ್ತಿರವಾದಾಗ ಹಜ್ಜಾ ಬತೂಲ್ ಮಹ್ಜೂಬಾಳನ್ನು ಕರೆದು ಕೂರಿಸಿದಳು. ತನ್ನ ಕಣ್ಣು ಮಂಜು, ಮೊದಲು ಕಂಡುಹಿಡಿದವಳೇ ನೋಡಿ ಹೇಳಲಿ ಎಂದು ತಾಮೂಳನ್ನು ಹಿಂದೆ ನಿಲ್ಲಿಸಿದಳು. ತಾಮೂ ಬಟ್ಟೆ ಬಿಚ್ಚಿ ಕೂದಲು ಸರಿಸಿದಳು. ಬಲಗಿವಿಯ ಹಿಂದೆ ಒಂದಿಷ್ಟು ಜಾಗದಲ್ಲಿ ಹೊಟ್ಟು ಇನ್ನೂ ಉಳಿದಿತ್ತು. ಇಬ್ಬರಿಗೂ ಅದು ಗೊತ್ತಿತ್ತು.

"ತೊಳೆದ ತಟ್ಟೆ ಹಾಗಿದೆ ಹಜ್ಜಾ," ಎಂದಳು ತಾಮೂ. ಹೇಳುತ್ತಲೇ ಆ ಜಾಗವನ್ನು ಉಗುರಿನಿಂದ ಮೆಲ್ಲಗೆ ಕೆರೆದಳು.

ಮಹ್ಜೂಬಾ ಕಣ್ಣು ಮುಚ್ಚಿದಳು. "ಇನ್ನೊಂಚೂರು ಕೆಳಗೆ," ಎಂದು ಪಿಸುಗುಟ್ಟಿದಳು.