ಮಂಡಿಯವರ ದನಿ ಇದ್ದ ಕ್ಯಾಸೆಟ್

2005ರ ಸೆಪ್ಟೆಂಬರ್ ಮೊದಲ ವಾರ, ಕೋಲಾರದ ಕೇಬಲ್ ವಾಹಿನಿಯೊಂದರ ಕಚೇರಿಯಲ್ಲಿ ನಾನು ತೆರೆದ ಮದುವೆ ವಿಡಿಯೋದಲ್ಲಿ ಹೆಣ್ಣಿನ ತಂದೆಯ ದನಿ ತುಂಡುತುಂಡಾಗಿ ಕೇಳಿಸಿತು. ಒಟ್ಟು ನಲವತ್ತು ಸೆಕೆಂಡಿನ ಮಾತು. ಆಡಿದವರಿಗೆ ಆಗಸ್ಟ್‌ನಲ್ಲಿ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ದನಿಪೆಟ್ಟಿಗೆಯನ್ನೇ ತೆಗೆದಿದ್ದರು.

ಆತ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಹರಾಜು ಕೂಗುತ್ತಿದ್ದವರು. ಮಗಳನ್ನು ಟೇಕಲ್ ಕಡೆಗೆ ಕೊಟ್ಟಿದ್ದರು. ಮದುವೆ ಫೆಬ್ರವರಿಯಲ್ಲಿ ಮಾಲೂರಿನಲ್ಲಿ ನಡೆದಿತ್ತು. ನಮ್ಮ ವಾಹಿನಿಯಲ್ಲಿ ಸಂಜೆ ಅರ್ಧ ಗಂಟೆ ಸುದ್ದಿ. ಲಗ್ನದ ತಿಂಗಳುಗಳಲ್ಲಿ ಅದೇ ಕ್ಯಾಮೆರಾ, ಅದೇ ಕಂಪ್ಯೂಟರ್ ಮದುವೆಗಳಿಗೂ ದುಡಿಯುತ್ತಿದ್ದವು. ಸುದ್ದಿ ಬರೆಯುವುದು, ಎರಡನ್ನೂ ಎಡಿಟ್ ಮಾಡುವುದು ನನ್ನ ಕೆಲಸ. ಆ ಮದುವೆಗೆ ನಾನೂ ಹೋಗಿದ್ದೆ. ಊಟದ ಹೊತ್ತಿಗೆ ಆತ ಮೈಕು ಕಿತ್ತುಕೊಂಡು ಮಂಡಿಯ ಧಾಟಿಯಲ್ಲೇ, ತೆಲುಗು ಬೆರೆಸಿ ಕೂಗಿದ್ದರು: “ಮೊದಲ್ನೇ ಪಂಕ್ತಿ ಒಂದ್ಸಾರಿ! ಮೊದಲ್ನೇ ಪಂಕ್ತಿ ಎರಡ್ಸಾರಿ! ಬೀಗರು ಇನ್ನೂ ಎದ್ದಿಲ್ಲ, ರಾ ಬಾವಾ, ರಾ! ಹೋಳಿಗೆ ಮೂರ್ನೇ ಸಾರಿ ಕೂಗಲ್ಲ!” ಬೀಗರು ನಗುತ್ತಾ ಎದ್ದರು.

ಮನೆಯವರಿಗೆ ಕೊಟ್ಟ ಡಿಸ್ಕಿನಲ್ಲಿ ಈ ಮಾತು ಇರಲಿಲ್ಲ. ಮಂತ್ರ, ಓಲಗ, ಜನರ ಗಲಾಟೆ ಎಲ್ಲವನ್ನೂ ಮುಚ್ಚಿ ಮೇಲೆ ಸಿನಿಮಾ ಹಾಡು ಹಾಕುವುದು ಆಗಿನ ರೂಢಿ. ಹಾಡಿಲ್ಲದ ಮದುವೆ ವಿಡಿಯೋವನ್ನು ಯಾರೂ ಒಪ್ಪುತ್ತಿರಲಿಲ್ಲ.

ಸೆಪ್ಟೆಂಬರ್‌ನಲ್ಲಿ ಮಗಳು ಬಂದರು. “ಹಾಡು ತೆಗ್ದು ಅಪ್ಪನ್ ಮಾತು ಮಾತ್ರ ಹಾಕ್ಕೊಡಿ ಸಾರ್. ಅಪ್ಪನೇ ಕೇಳ್ತಾವ್ರೆ. ತನ್ ದನಿ ಹೆಂಗಿತ್ತೂಂತ ಅವ್ರಿಗೇ ಮರೀತಾ ಐತಂತೆ. ಪಲಕದ ಮೇಲೆ ಬರೆದು ತೋರಿಸ್ತಾರೆ.” ಮಾತು ಹೋದ ಮೇಲೆ ಅವರು ಮಕ್ಕಳ ಸ್ಲೇಟು ಇಟ್ಟುಕೊಂಡಿದ್ದರು. ಮನೆಯವರು ಅದನ್ನು ತೆಲುಗಿನಲ್ಲಿ ಪಲಕ ಎನ್ನುತ್ತಿದ್ದರು.

ಹಾಡಿನ ಸಾಲು ಮುಚ್ಚಿ ಮೂಲ ದನಿಯನ್ನು ಏರಿಸಿದೆ. “ಮೊದ... ಪಂಕ್ತಿ... ಸ್ಸಾ... ಗರು ಇನ್...” ಎಂದು ಬಂತು. ಮಗಳ ಮುಖ ನೋಡಿ ಹೇಳಿದೆ: “ಗಾಬರಿ ಆಗ್ಬೇಡಮ್ಮ. ಕಂಪ್ಯೂಟರ್ ನುಡಿಸೋದ್ರಲ್ಲಿ ತಡವರಿಸ್ತೈತೆ ಅಷ್ಟೇ. ದನಿ ಒಳಗೆ ಸರಿಯಾಗೈತೆ.” ಎರಡು ಕಡೆ ವಿಚಾರಿಸದೆ ಸುದ್ದಿ ಬರೆಯಬಾರದೆಂಬುದು ನಮ್ಮಲ್ಲಿದ್ದ ನಿಯಮ. ಇದನ್ನು ಒಂದು ಕಡೆಯೂ ವಿಚಾರಿಸದೆ ಹೇಳಿದೆ. ಬರುವ ಸೋಮವಾರ ಅಪ್ಪನನ್ನೇ ಕರೆದುಕೊಂಡು ಬನ್ನಿ ಎಂದೂ ಹೇಳಿದೆ.

ಮಿಕ್ಕ ಪ್ರೋಗ್ರಾಮುಗಳನ್ನೆಲ್ಲ ಮುಚ್ಚಿ ನುಡಿಸಿದೆ. ಸೌಂಡ್ ಕಾರ್ಡಿನ ಡ್ರೈವರ್ ತೆಗೆದು ಮತ್ತೆ ಹಾಕಿದೆ. ಮೂರನೇ ದಿನ ಕಾರಣ ಸಿಕ್ಕಿತೆಂದುಕೊಂಡೆ: ಕ್ಯಾಮೆರಾ ದನಿಯನ್ನು ಸೆಕೆಂಡಿಗೆ ಮೂವತ್ತೆರಡು ಸಾವಿರ ಮಾದರಿಗಳ ಅಳತೆಯಲ್ಲಿ ಹಿಡಿದಿತ್ತು, ಎಡಿಟಿಂಗ್ ಸಾಫ್ಟ್‌ವೇರ್ ನಲವತ್ತೆಂಟು ಸಾವಿರಕ್ಕೆ ಹೊಂದಿಸಿತ್ತು. ಪರಿವರ್ತಿಸಿದೆ. ದನಿ ಮತ್ತೆ ತುಂಡಾಯಿತು, ಅದೇ ಜಾಗಗಳಲ್ಲಿ. ನುಡಿಸುವ ದೋಷವಾದರೆ ಪ್ರತಿ ಸಲ ಒಂದೇ ಅಕ್ಷರದ ಮೇಲೆ ನಿಲ್ಲುವುದಿಲ್ಲ. ಅದು ಆಗಲೇ ಹೊಳೆಯಬೇಕಿತ್ತು.

ಶನಿವಾರ ಹಾರ್ಡ್ ಡಿಸ್ಕ್ ಬಿಚ್ಚಿ, ಟವೆಲ್‌ನಲ್ಲಿ ಸುತ್ತಿ, ಬಸ್ಸಿನಲ್ಲಿ ಮಾಲೂರಿಗೆ ಒಯ್ದೆ. ಅಲ್ಲಿ ಸ್ಟುಡಿಯೋ ಇಟ್ಟಿದ್ದ ಗೆಳೆಯನ ಬಳಿ ನಮ್ಮದಕ್ಕಿಂತ ದೊಡ್ಡ ಕಂಪ್ಯೂಟರ್ ಇತ್ತು. ಅವನು ಎರಡು ಸಲ ಕೇಳಿ, ಹೆಡ್‌ಫೋನ್ ತೆಗೆದಿಟ್ಟ.

“ಲೇ, ನಿನ್ ಮಿಷನ್ ತಪ್ಪಲ್ಲ ಕಣೋ. ಫೈಲ್‌ಗೇ ನತ್ತಿ, ಅದೇ ತೊದಲ್ತೈತೆ.”

“ಸರಿಯಾಗ್ ನೋಡೋ.”

“ಏನ್ಲಾ ನೋಡೋದು? ನೀನೇ ನೋಡು.”

ದನಿಯ ಅಲೆಗಳನ್ನು ಪರದೆ ತುಂಬುವಷ್ಟು ಹಿಗ್ಗಿಸಿದ. ಅಲೆಗಳ ನಡುವೆ ಅಲ್ಲಲ್ಲಿ ಬರೀ ಗೆರೆ ಇತ್ತು. ಅಲ್ಲಿ ನುಡಿಸಲು ಏನೂ ಇರಲಿಲ್ಲ. ಕ್ಯಾಸೆಟ್‌ನಿಂದ ಕಂಪ್ಯೂಟರಿಗೆ ಇಳಿಸುವಾಗಲೇ ಅಷ್ಟೂ ಬಿಟ್ಟುಹೋಗಿತ್ತು. ಇಳಿಸಿದವನು ನಾನು. ಅಂದು ಹಾರ್ಡ್ ಡಿಸ್ಕ್ ಸುದ್ದಿಯ ದೃಶ್ಯಗಳಿಂದ ತುಂಬಿತ್ತು. ಕೊನೆಗೆ ಪರದೆಯ ಮೇಲೆ ಒಂದು ಚೌಕ ಬಂದಿತ್ತು: ಕೆಲವು ಫ್ರೇಮುಗಳು ಬಿಟ್ಟುಹೋಗಿವೆ, ವಿವರ ನೋಡುತ್ತೀರಾ? ಆ ಚೌಕ ಬಹುತೇಕ ಎಲ್ಲ ಮದುವೆಗೂ ಬರುತ್ತಿತ್ತು. ಪ್ರತಿ ಸಲದಂತೆ ಬೇಡ ಒತ್ತಿದ್ದೆ. ಚಿತ್ರ ಎಗರಿದ ಕಡೆ ಹೂವಿನ ಚೌಕಟ್ಟು ಹಾಕಿದ್ದೆ, ದನಿಯ ಮೇಲೆ ಹಾಡು.

ಮೂಲ ಕ್ಯಾಸೆಟ್‌ನಲ್ಲಿ ಮಾತು ಇರಲೇಬೇಕು. ಕೋಲಾರಕ್ಕೆ ಮರಳಿ ರಿಜಿಸ್ಟರ್ ತೆಗೆದೆ. ನಮ್ಮಲ್ಲಿ ಕ್ಯಾಸೆಟ್‌ಗಳು ಕಡಿಮೆ. ಇಳಿಸಿಕೊಂಡ ಕ್ಯಾಸೆಟ್ ಮತ್ತೆ ಕ್ಯಾಮೆರಾ ಚೀಲ ಸೇರುತ್ತಿತ್ತು. ಆ ಸಂಖ್ಯೆಯ ಮುಂದೆ ನನ್ನದೇ ಅಕ್ಷರದಲ್ಲಿ ಹೀಗಿತ್ತು: “ಇಳಿಸಿದೆ. ಸರಿ ಇದೆ. ಮರುಬಳಕೆಗೆ.” ಕ್ಯಾಸೆಟ್ ಹಾಕಿದೆ. ಮುಳಬಾಗಿಲಿನಾಚೆ ನಂಗಲಿಯ ಹೆದ್ದಾರಿಯಲ್ಲಿ ಸಾಲಾಗಿ ನಿಂತ ಲಾರಿಗಳು ಕಂಡವು. ಜೂನ್‌ನ ಸುದ್ದಿ. ಕೊನೆಯವರೆಗೂ ಓಡಿಸಿದೆ. ಹಾರನ್‌ಗಳು ಎಲ್ಲೂ ತುಂಡಾಗದೆ ಕೇಳಿಸಿದವು.

ಸೋಮವಾರ ಬೆಳಿಗ್ಗೆ ತಂದೆ, ಮಗಳು ಬಂದರು. ಆತ ಕೊರಳಿಗೆ ಬಿಳಿ ಬಟ್ಟೆ ಸುತ್ತಿಕೊಂಡಿದ್ದರು. ನಮ್ಮ ಕ್ಯಾಮೆರಾದವನಿಗೆ ಕ್ಯಾಸೆಟ್ ಅಳಿಸಿಹೋದ ವಿಷಯ ತಿಳಿಯದು. “ಏನಣ್ಣಾ, ಈಗ ಮಂಡೀಲಿ ಕೂಗೋದ್ಯಾರು?” ಎಂದು ಕೇಳಿದ. “ತಮ್ಮ. ಕಾಗೆ ದನಿ” ಎಂದು ಸ್ಲೇಟಿನ ಮೇಲೆ ಬರೆದರು. ಅವನು ನಕ್ಕ. ಆತನ ಭುಜಗಳು ಕುಲುಕಿದವು, ಸದ್ದು ಬರಲಿಲ್ಲ.

ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳಿದೆ.

“ಒಳಗೈತೆ ಅಂದ್ರಲ್ಲ ಸಾರ್,” ಎಂದರು ಮಗಳು.

“ಅಂದೆ. ನೋಡ್ದೆ ಅಂದೆ.”

“ಅದನ್ನೇ ಮನೇಲಿ ಹೇಳ್ದೆ ನಾನು. ವಾರದಿಂದ ಇದೊಂದೇ ಯೋಚ್ನೆ ಅಪ್ಪಂಗೆ.”

ಆತ ಬರೆದರು: “ಇರೋದು ಹಾಕು.” ಹಾಕಿದೆ. ಬೆರಳಿನಿಂದ ಮೇಜು ತಟ್ಟುತ್ತಾ ಕೇಳಿದರು. ದನಿ ನಿಂತ ಕಡೆಯೆಲ್ಲ ಬೆರಳೂ ನಿಂತಿತು. ಮುಗಿದ ಮೇಲೆ ಮತ್ತೆ ಹಾಕಲು ಹೇಳಲಿಲ್ಲ. “ಇದು ನಾನಲ್ಲ” ಎಂದು ಬರೆದು, ಮಗಳಿಗೆ ತೋರಿಸಿ, ಅಂಗೈಯಿಂದ ಒರೆಸಿದರು.

ಮಗಳು ಕೇಳಿದ್ದರಿಂದ, ಇಡಿಯಾಗಿ ಉಳಿದಿದ್ದ ಪದಗಳನ್ನು ಆರಿಸಿ ಒಂದು ಡಿಸ್ಕಿಗೆ ಹಾಕಿಕೊಟ್ಟೆ. ಪಂಕ್ತಿ, ಬಾವಾ, ಹೋಳಿಗೆ, ಇನ್ನೆರಡು. ಆತ 2007ರಲ್ಲಿ, ಮಾವಿನ ಸುಗ್ಗಿಗೆ ಮೊದಲು, ಶ್ರೀನಿವಾಸಪುರದಲ್ಲಿ ತೀರಿಕೊಂಡರು. ಡಿಸ್ಕನ್ನು ಮನೆಯಲ್ಲಿ ಒಮ್ಮೆಯೂ ಹಾಕಿಸಲಿಲ್ಲವೆಂದು ಮಗಳು ಫೋನಿನಲ್ಲಿ ತಿಳಿಸಿದರು.